"ಹೇಳೋದಕ್ಕೂ ದುಡ್ಡಾ?" ಅಂದವರಿಗೆ ಏನು ಹೇಳಲಿ?

ಪ್ರಶ್ನೆ: ನಾನು ಸ್ಟ್ರಕ್ಚರಲ್ ಎಂಜಿನಿಯರ್. ಕೆಲಸ ಬಿಟ್ಟು ಸ್ವಂತ ಆಫೀಸು ಮಾಡಿಕೊಂಡು ಎರಡು ವರ್ಷ ಆಯಿತು. ಬೆಳಗ್ಗೆ ಫೋನ್ ತೆಗೆದರೆ ಯಾರದೋ ಮನೆ ಗೋಡೆಯ ಬಿರುಕಿನ ಫೋಟೋ ಬಂದಿರುತ್ತದೆ. ನೆಂಟರು, ಗೆಳತಿಯರ ಮನೆಯವರು, ಹಳೇ ಗಿರಾಕಿಗಳು, ಗೊತ್ತಿರುವ ಕಂಟ್ರಾಕ್ಟರುಗಳು. "ನೋಡಮ್ಮಾ, ಒಂದೇ ನಿಮಿಷ, ಇದು ಪರವಾಗಿಲ್ವಾ?" ಅಂತ ಕೇಳುತ್ತಾರೆ. ಹೇಳುತ್ತೇನೆ. ಆಮೇಲೆ ನೋಡಿದರೆ ಕೆಲಸ ಬೇರೆಯವರ ಕೈಗೆ ಹೋಗಿರುತ್ತದೆ. ಒಬ್ಬರಿಗೆ ಫೀಸು ಹೇಳಿದೆ. "ಹೇಳೋದಕ್ಕೂ ದುಡ್ಡಾ?" ಅಂದರು. ಅವತ್ತಿನಿಂದ ಮಾತಿಲ್ಲ. ಎಲ್ಲಿವರೆಗೆ ಪುಕ್ಕಟೆ, ಎಲ್ಲಿಂದ ಫೀಸು? ಪುಕ್ಕಟೆ ಹೇಳಿದ್ದಕ್ಕೂ ನಾನು ಹೊಣೆಯಾ? "ಮೊದಲ ಭೇಟಿ ಉಚಿತ" ಅಂತ ಹಾಕಿಬಿಡಲಾ? ಹೋದ ವಾರ ಒಬ್ಬರು ಪಿಲ್ಲರಿನ ಉದ್ದಕ್ಕೂ ಬಿಟ್ಟಿರುವ ಬಿರುಕಿನ ಫೋಟೋ ಕಳಿಸಿದ್ದಾರೆ, ಪಕ್ಕದಲ್ಲಿ ಕಂದು ಕಲೆ ಇದೆ. ಇವರೂ ಬಿಟ್ಟಿ ಗಿರಾಕಿಯೇ ಅಂದುಕೊಂಡು ಉತ್ತರ ಕೊಡದೆ ಸುಮ್ಮನಿದ್ದೇನೆ.

ಉತ್ತರ: ಮೊದಲು ಆ ಪಿಲ್ಲರಿನ ವಿಷಯ. ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಅವರಿಗೆ ಒಂದು ಫೋನ್ ಮಾಡಿ ಬನ್ನಿ. ಉಳಿದದ್ದು ಆಮೇಲೆ.

ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೇರೆ ಓದುಗರಿಗಾಗಿ ಎರಡು ಮಾತು. ಪಿಲ್ಲರಿನೊಳಗೆ ಉದ್ದಕ್ಕೆ ಕಬ್ಬಿಣದ ಕಂಬಿಗಳು ನಿಂತಿರುತ್ತವೆ. ನೀರು, ಗಾಳಿ ಒಳಗಿಳಿದು ಅವಕ್ಕೆ ತುಕ್ಕು ಹಿಡಿದರೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಕಾಂಕ್ರೀಟು ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಒಳಗಿನಿಂದ ಸೀಳುವ ಎಳೆತವನ್ನು ತಾಳುವುದಿಲ್ಲ. ಎಳೆತ ತಾಳುವ ಶಕ್ತಿ ಅದಕ್ಕಿರುವುದು ಭಾರ ಹೊರುವ ಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲು. ಹಾಗಾಗಿ ಕಂಬಿ ಇರುವ ಗೆರೆಯಲ್ಲೇ ಬಾಯಿ ಬಿಡುತ್ತದೆ. ತುಕ್ಕಿನ ನೀರು ಇಳಿದು ಕಂದು ಕಲೆಯಾಗುತ್ತದೆ. ನಿಮಗೆ ಬಂದ ಫೋಟೋದಲ್ಲಿ ಇರುವುದು ಅದೇ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಅದೇ ಇರಬಹುದು ಅನ್ನುವ ಅನುಮಾನವೇ ಸಾಕು. "ಅದನ್ನು ಪ್ಲಾಸ್ಟರ್ ಹಾಕಿ ಮುಚ್ಚಬೇಡಿ. ಆ ಭಾಗದಲ್ಲಿ ಹೊಸದಾಗಿ ಭಾರ ಹೇರಬೇಡಿ. ತಡ ಮಾಡದೆ ಒಬ್ಬ ಎಂಜಿನಿಯರ್ ಕೈಲಿ ನೋಡಿಸಿ, ನಾನೇ ಆಗಬೇಕು ಅಂತೇನೂ ಇಲ್ಲ." ಇಷ್ಟು ಹೇಳಿ. ಹೇಳಿದ್ದನ್ನೇ ಮೆಸೇಜ್ ಕೂಡ ಮಾಡಿ.

ಜೀವಕ್ಕೆ ಅಪಾಯ ಕಂಡಾಗ ಎಚ್ಚರಿಸುವುದಕ್ಕೆ ಫೀಸಿಲ್ಲ. ಎಂಜಿನಿಯರುಗಳ ಸಂಘಗಳ ನೀತಿ ನಿಯಮಗಳಲ್ಲಿ ಸಾಮಾನ್ಯವಾಗಿ ಜನರ ಸುರಕ್ಷತೆ ಮೊದಲು ಬರುತ್ತದೆ, ಗಿರಾಕಿ ಆಮೇಲೆ. ಇಲ್ಲಿ ಫೀಸಿನ ಲೆಕ್ಕ ಹಾಕುತ್ತಾ ಒಂದು ವಾರ ಕಳೆದದ್ದು ನನಗೆ ಸರಿ ಕಾಣಲಿಲ್ಲ. ಆದರೆ ನೀವು ಫೋನಿನಲ್ಲಿ ಹೇಳಿದ್ದು ಎಚ್ಚರಿಕೆ ಮಾತ್ರ. ಆ ಪಿಲ್ಲರನ್ನು ಎಷ್ಟು ಬಿಡಿಸಬೇಕು, ಕಂಬಿ ಎಷ್ಟು ಸವೆದಿದೆ, ಹೊಸದು ಕಟ್ಟಬೇಕಾ, ಅಲ್ಲಿವರೆಗೆ ಎಲ್ಲಿ ಆಸರೆ ಕೊಡಬೇಕು ಅನ್ನುವುದೆಲ್ಲ ಕೆಲಸ. ಎಚ್ಚರಿಕೆ ಪುಕ್ಕಟೆ, ಪರಿಹಾರಕ್ಕೆ ಫೀಸು. ಎರಡನ್ನೂ ಒಂದೇ ಫೋನ್ ಕರೆಯಲ್ಲಿ ಮುಗಿಸಲು ಹೋಗಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಗೆರೆ ಎಲ್ಲಿ ಎಳೆಯಬೇಕು?

ಹೆಚ್ಚಿನವರು ಸಮಯದ ಲೆಕ್ಕದಲ್ಲಿ ಎಳೆಯುತ್ತಾರೆ. ಹತ್ತು ನಿಮಿಷದವರೆಗೆ ಉಚಿತ, ಆಮೇಲೆ ಫೀಸು ಅಂತ. ನನಗೆ ಇದು ಒಪ್ಪಿಗೆ ಇಲ್ಲ. ಕಾಂಕ್ರೀಟಿಗೆ ಯಾಕೆ ದಿನಗಟ್ಟಲೆ ನೀರು ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ಒಂದು ಗಂಟೆ ಬೇಕಾದರೂ ಹೇಳುತ್ತೇನೆ, ಒಂದು ಪೈಸೆ ಕೇಳುವುದಿಲ್ಲ. ಅದೇ, "ಈ ಗೋಡೆ ಒಡೆದು ಹಾಲ್ ದೊಡ್ಡದು ಮಾಡಬಹುದಾ?" ಅನ್ನುವುದಕ್ಕೆ "ಹ್ಞೂಂ" ಅನ್ನಲು ಒಂದು ಸೆಕೆಂಡು ಸಾಕು. ಆ ಒಂದು "ಹ್ಞೂಂ" ಮೇಲೆ ನಾಳೆ ಬೆಳಗ್ಗೆ ಮೇಸ್ತ್ರಿ ಸುತ್ತಿಗೆ ಹಿಡಿದು ಬರುತ್ತಾನೆ. ಮೇಲಿನ ಸ್ಲ್ಯಾಬು ಆ ಗೋಡೆಯ ಮೇಲೆ ಕೂತಿದೆಯಾ ಇಲ್ಲವಾ ಅಂತ ನೋಡಿದವರು ಯಾರು?

ಹಾಗಾಗಿ ಫೋನ್ ಬಂದಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಇಷ್ಟೇ: ನನ್ನ ಮಾತು ಕೇಳಿ ಈ ಮನುಷ್ಯ ನಾಳೆ ಏನಾದರೂ ಒಡೆಯುತ್ತಾನಾ, ಕಟ್ಟುತ್ತಾನಾ, ಕೊಳ್ಳುತ್ತಾನಾ, ಅಥವಾ ಮಾಡಬೇಕಾದ್ದನ್ನು ಬಿಟ್ಟುಬಿಡುತ್ತಾನಾ? ಹೌದು ಅಂತಾದರೆ ಅದು ಕೆಲಸ. ಕೆಲಸದ ಹಾಗೇ ಮಾಡಬೇಕು. ಇಲ್ಲ ಅಂತಾದರೆ ಮಾತುಕತೆ. ಎಷ್ಟು ಹೊತ್ತು ಬೇಕಾದರೂ ಮಾತಾಡಿ. ಕೊನೆಯದನ್ನು ಜನ ಮರೆಯುತ್ತಾರೆ. "ಏನೂ ಆಗಲ್ಲ ಬಿಡಿ" ಅನ್ನುವುದೂ ಸಲಹೆಯೇ. ನಮ್ಮ ಬಾಯಿಂದ ಸಲೀಸಾಗಿ ಬರುವುದೂ ಅದೇ, ಯಾಕೆಂದರೆ ಕೇಳುವವರಿಗೆ ಬೇಕಾಗಿರುವುದು ಅದೇ.

ಆ ಫೋಟೋಗಳ ವಿಷಯವನ್ನೇ ತಗೊಳ್ಳಿ. ಬಿರುಕಿನ ಅಗಲದ ಪಟ್ಟಿಗಳು ಎಲ್ಲರಿಗೂ ಸಿಗುತ್ತವೆ, ಅದರಲ್ಲಿ ಗುಟ್ಟೇನಿಲ್ಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಹಳೇ ವರ್ಗೀಕರಣದಲ್ಲಿ 0.1 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ, 1 ಮಿಲಿಮೀಟರ್‌ವರೆಗೆ ತೀರಾ ಸಣ್ಣದು, 5ರವರೆಗೆ ಸಣ್ಣದು, 5ರಿಂದ 15 ಮಧ್ಯಮ, 25 ದಾಟಿದರೆ ತೀರಾ ಗಂಭೀರ. ಇದನ್ನು ಯಾರು ಬೇಕಾದರೂ ಓದಿಕೊಳ್ಳಬಹುದು. ಕೇಳಿದವರಿಗೆಲ್ಲ ಹೇಳಿ, ಧಾರಾಳವಾಗಿ ಹೇಳಿ.

ಆದರೆ ಫೋಟೋದಲ್ಲಿ 2 ಮಿಲಿಮೀಟರ್ ಬಿರುಕು ಕಂಡಿತು ಅಂತಿಟ್ಟುಕೊಳ್ಳಿ. ಅದು ಪ್ಲಾಸ್ಟರ್ ಮಾತ್ರ ಬಿಟ್ಟಿದ್ದಾ, ಹಿಂದಿನ ಇಟ್ಟಿಗೆಯೂ ಸೀಳಿದೆಯಾ? ಬಡಿದು ನೋಡಿದರೆ ಟೊಳ್ಳು ಸದ್ದು ಬರುತ್ತಾ? ಬಿರುಕಿನ ಅಂಚು ಚೂಪಾಗಿ, ಒಳಗೆ ಚೊಕ್ಕವಾಗಿದ್ದರೆ ಹೊಸದು. ಒಳಗೆ ಬಣ್ಣವೋ ಧೂಳೋ ಕೂತಿದ್ದರೆ ಹಳೇದು. ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗುತ್ತಾ ಹೋಗಿದೆಯಾ, ಅಥವಾ ಉಲ್ಟಾನಾ? ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟಿದೆಯಾ? ಬೀಮು ಮತ್ತು ಗೋಡೆ ಸೇರುವಲ್ಲಿ ಅಡ್ಡಕ್ಕೆ ನೆಟ್ಟಗೆ ಇದೆಯಾ? ಎರಡನೆಯದಾದರೆ ಎರಡು ಬೇರೆ ವಸ್ತುಗಳು ಸೇರುವ ಕಡೆ ಬರುವ ಮಾಮೂಲಿ ಬಿರುಕು ಇರಬಹುದು. ಮೊದಲನೆಯದಾದರೆ ಪಾಯದ ಕಡೆಗೂ ಒಂದು ಕಣ್ಣು ಹಾಯಿಸಬೇಕು. ಗೋಡೆಯ ಆಚೆ ಬದಿಯಲ್ಲೂ ಅದೇ ಜಾಗದಲ್ಲಿ ಇದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಅದು ಬೆಳೆಯುತ್ತಿದೆಯಾ? ಅದಕ್ಕೆ ಬಿರುಕಿನ ಎರಡೂ ಬದಿ ಪೆನ್ಸಿಲ್ ಗುರುತು ಹಾಕಿ, ತಾರೀಕು ಬರೆದು, ತಿಂಗಳುಗಟ್ಟಲೆ ಅಳೆಯುತ್ತಾ ಹೋಗಬೇಕು. ಇದ್ಯಾವುದೂ ವಾಟ್ಸಾಪ್ ಫೋಟೋದಲ್ಲಿ ಇಲ್ಲ. ಪಕ್ಕದಲ್ಲಿ ಒಂದು ನಾಣ್ಯ ಕೂಡ ಇಟ್ಟಿರುವುದಿಲ್ಲ, ಅಗಲ ಅಂದಾಜು ಮಾಡೋಣ ಅಂದರೆ.

ಅಂದ ಮೇಲೆ "ಇದು ಪರವಾಗಿಲ್ವಾ?" ಅನ್ನುವ ಒಂದು ನಿಮಿಷದ ಪ್ರಶ್ನೆಗೆ ಒಂದು ನಿಮಿಷದ ಉತ್ತರವೇ ಇಲ್ಲ. ನೀವು ಕೊಡುತ್ತಿರುವುದು ಅಂದಾಜು. ಕೇಳಿದವರು ಮನೆಯಲ್ಲಿ ಹೇಳಿಕೊಳ್ಳುವುದು "ಎಂಜಿನಿಯರ್ ನೋಡಿದಾರೆ, ಏನೂ ತೊಂದರೆ ಇಲ್ವಂತೆ" ಅಂತ. ನೀವು ನೋಡಿದ್ದು ಫೋಟೋ. ಅವರ ಬಾಯಲ್ಲಿ ಅದು ಮನೆ ಆಗಿರುತ್ತದೆ.

ಇದಕ್ಕೇ ನಾನು ಹೇಳುವುದು, ಪುಕ್ಕಟೆ ಕೊಡಿ, ಅರ್ಧ ಕೊಡಬೇಡಿ. ನಮ್ಮ ವೃತ್ತಿಯಲ್ಲಿ ಅಪಾಯ ಇರುವುದು ಅರ್ಧ ಸಲಹೆಯಲ್ಲಿ. ಫೀಸು ಇಲ್ಲ ಅಂತ ಸೈಟಿಗೆ ಹೋಗದೆ, ಅಳೆಯದೆ, ಬರೆಯದೆ, ದಾಕ್ಷಿಣ್ಯಕ್ಕೆ ಏನೋ ಒಂದು ಹೇಳುವುದು. ತಪ್ಪಿಸಿಕೊಳ್ಳಲು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಇನ್ನೂ ಕೆಟ್ಟದ್ದು. ಕೇಳಿದವರು ತಮಗೆ ಬೇಕಾದ ಅರ್ಧವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

"ಪುಕ್ಕಟೆ ಹೇಳಿದ್ದಕ್ಕೂ ನಾನು ಹೊಣೆಯಾ?" ಅಂತ ಕೇಳಿದ್ದೀರಿ. ನೈತಿಕವಾಗಿ ಹೌದು. ಕಾನೂನಿನಲ್ಲೂ ಎಷ್ಟೋ ಕಡೆ ಹೌದು. ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ವಂತ ಆಫೀಸು ಮಾಡಿದವರೆಲ್ಲ ತಿಳಿದಿರಬೇಕಾದ್ದು ಇದು.

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ನಡೆದದ್ದು. ಆಸ್ಪತ್ರೆಯ ಚಿಕಿತ್ಸೆಯ ನಂತರ ಒಬ್ಬರಿಗೆ ಪಾರ್ಶ್ವವಾಯು ಆಯಿತು. ಹೆಂಡತಿ ಒಬ್ಬ ವಕೀಲರ ಹತ್ತಿರ ಹೋಗಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಮಾತಾಡಿದರು. ವಕೀಲರು ಎಲ್ಲ ಕೇಳಿಸಿಕೊಂಡು, ಇದರಲ್ಲಿ ಕೇಸು ನಿಲ್ಲುವ ಹಾಗೆ ಕಾಣುವುದಿಲ್ಲ, ಪಾಲುದಾರರ ಜೊತೆ ಮಾತಾಡುತ್ತೇನೆ ಅಂದರು. ಫೀಸು ತಗೊಳ್ಳಲಿಲ್ಲ. ಕಾಗದ ಪತ್ರ ತರಿಸಿ ನೋಡಲಿಲ್ಲ. ದಾವೆ ಹೂಡಲು ಎರಡು ವರ್ಷದ ಗಡುವು ಇದೆ ಅಂತಲೂ ಹೇಳಲಿಲ್ಲ. ಮತ್ತೆ ಫೋನ್ ಬರಲಿಲ್ಲ, ಆಕೆ ಇನ್ನೇನೂ ಇಲ್ಲ ಅಂದುಕೊಂಡು ಸುಮ್ಮನಾದರು. ಮುಂದೆ ಇನ್ನೊಬ್ಬ ವಕೀಲರನ್ನು ಕಾಣುವ ಹೊತ್ತಿಗೆ ಗಡುವು ಮುಗಿದಿತ್ತು. ಆಗ ದಂಪತಿ ಆ ಮೊದಲ ವಕೀಲರ ಮೇಲೆ ದಾವೆ ಹೂಡಿದರು. ನಾನು ಅವರ ವಕೀಲನೇ ಆಗಿರಲಿಲ್ಲ ಅನ್ನುವುದು ಆ ವಕೀಲರ ವಾದ. 1980ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಆರು ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಖಾಯಂ ಆಯಿತು. ಕೇಳಿದ್ದು ಸಲಹೆ, ಕೊಟ್ಟಿದ್ದು ಸಲಹೆ, ನಂಬಿ ಕೂತದ್ದಕ್ಕೆ ನಷ್ಟ ಆಯಿತು. ಬಿಲ್ ಇತ್ತಾ ಇಲ್ಲವಾ ಅನ್ನುವುದು ದೊಡ್ಡ ವಿಷಯ ಆಗಲೇ ಇಲ್ಲ.

ಇಂಗ್ಲೆಂಡಿನಲ್ಲಿ 1963ರಷ್ಟು ಹಿಂದೆಯೇ, ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದೇ ದಾರಿ ಹಾಕಿತ್ತು. ಒಂದು ಬ್ಯಾಂಕು ತನ್ನ ಗಿರಾಕಿ ಕಂಪನಿಯ ಹಣಕಾಸು ಸ್ಥಿತಿ ಚೆನ್ನಾಗಿದೆ ಅಂತ ಪುಕ್ಕಟೆ ಅಭಿಪ್ರಾಯ ಕೊಟ್ಟಿತ್ತು. ನಂಬಿದ ಜಾಹೀರಾತು ಸಂಸ್ಥೆ ದುಡ್ಡು ಕಳೆದುಕೊಂಡಿತು. ಪರಿಣತ ಅಂತ ನಂಬಿ ಕೇಳಿದವರಿಗೆ ಅಜಾಗ್ರತೆಯಿಂದ ಹೇಳಿದರೆ ಹೊಣೆ ಬರಬಹುದು ಅನ್ನುವ ತತ್ವ ಅಲ್ಲಿಂದ ಗಟ್ಟಿಯಾಯಿತು. ಬ್ಯಾಂಕು ಮಾತ್ರ ಬಚಾವಾಯಿತು, "ನಮ್ಮ ಹೊಣೆ ಇಲ್ಲ" ಅಂತ ಮೊದಲೇ ಬರೆದಿತ್ತು. ಇನ್ನೂ ಹತ್ತಿರದ್ದು ಬೇಕೆಂದರೆ, ಗೆಳೆಯರ ತೋಟದ ಕೆಲಸಕ್ಕೆ ಪುಕ್ಕಟೆ ಕೈ ಜೋಡಿಸಿದ ಒಬ್ಬ ಆರ್ಕಿಟೆಕ್ಟ್. ಸ್ನೇಹ ಕೆಟ್ಟಿತು, ವಿಷಯ ಕೋರ್ಟಿಗೆ ಹೋಯಿತು. 2017ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇದು: ಆಕೆ ಆ ಕೆಲಸ ಮಾಡಲೇಬೇಕು ಅಂತೇನೂ ಇರಲಿಲ್ಲ, ಆದರೆ ಕೈ ಹಾಕಿದ ಕೆಲಸವನ್ನು ಜಾಗ್ರತೆಯಿಂದ ಮಾಡುವ ಕರ್ತವ್ಯ ಇತ್ತು. ಮುಂದಿನ ವರ್ಷ ವಿಚಾರಣೆಯಲ್ಲಿ ಆಕೆಯ ತಪ್ಪೇನೂ ಇಲ್ಲ ಅಂತ ತೀರ್ಪಾಯಿತು. ಗೆದ್ದರು. ಅಷ್ಟು ಹೊತ್ತಿಗೆ ವರ್ಷಗಳೇ ಹೋಗಿದ್ದವು.

ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಅಂತ ಒಬ್ಬ ವಕೀಲರನ್ನು ಕೇಳಿ. ದಯವಿಟ್ಟು ಫೀಸು ಕೊಟ್ಟು ಕೇಳಿ.

ಇನ್ನು "ಹೇಳೋದಕ್ಕೂ ದುಡ್ಡಾ?" ಅಂದವರ ವಿಷಯ. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಈ ಪ್ರಶ್ನೆ ಎರಡೂವರೆ ಸಾವಿರ ವರ್ಷ ಹಳೇದು. ಗ್ರೀಸಿನಲ್ಲಿ ಪ್ರೊಟಾಗೊರಸ್ ಎಂಬ ಗುರು ಪಾಠಕ್ಕೆ ಫೀಸು ತಗೊಳ್ಳುತ್ತಿದ್ದ, ಸಾಕ್ರಟೀಸ್ ತಗೊಳ್ಳುತ್ತಿರಲಿಲ್ಲ. ಪ್ಲೇಟೋ ಬರೆದಿರುವ ಪ್ರಕಾರ ಪ್ರೊಟಾಗೊರಸನ ವ್ಯವಸ್ಥೆ ಮಜವಾಗಿತ್ತು. ಪಾಠ ಮುಗಿದ ಮೇಲೆ ಗುರು ಕೇಳಿದಷ್ಟನ್ನು ಶಿಷ್ಯ ಕೊಡಬಹುದು. ಜಾಸ್ತಿ ಅನ್ನಿಸಿದರೆ ದೇವಸ್ಥಾನಕ್ಕೆ ಹೋಗಿ, ತಾನು ಕಲಿತದ್ದಕ್ಕೆ ಎಷ್ಟು ಬೆಲೆ ಅಂತ ದೇವರ ಮುಂದೆ ಆಣೆ ಮಾಡಿ, ಅಷ್ಟೇ ಕೊಡಬಹುದು. ರೋಮಿನಲ್ಲಿ ಕ್ರಿಸ್ತಪೂರ್ವ 204ರಲ್ಲಿ ವಕೀಲರು ವಾದಕ್ಕೆ ದುಡ್ಡು, ಉಡುಗೊರೆ ಏನೂ ಮುಟ್ಟಬಾರದು ಅಂತ ಕಾನೂನೇ ಬಂತು. ಜನ ಕೊಡುವುದನ್ನೂ ಬಿಡಲಿಲ್ಲ, ವಕೀಲರು ತಗೊಳ್ಳುವುದನ್ನೂ ಬಿಡಲಿಲ್ಲ. ಕೊನೆಗೆ ಕ್ರಿಸ್ತಶಕ 47ರಲ್ಲಿ ಕ್ಲಾಡಿಯಸ್ ಚಕ್ರವರ್ತಿ, ಆಗಲಿ, ಹತ್ತು ಸಾವಿರ ಸೆಸ್ಟರ್ಸ್‌ವರೆಗೆ ತಗೊಳ್ಳಿ ಅಂತ ಮಿತಿ ಹಾಕಿದ.

1878ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಚಿತ್ರಕಾರ ವಿಸ್ಲರ್‌ಗೂ ಇದೇ ಪ್ರಶ್ನೆ ಬಂತು. ವಿಮರ್ಶಕ ರಸ್ಕಿನ್ ತನ್ನ ಚಿತ್ರವನ್ನು ಹೀಗಳೆದ ಅಂತ ಇವನು ಮಾನನಷ್ಟದ ದಾವೆ ಹೂಡಿದ್ದ. ಎರಡು ದಿನದ ದುಡಿಮೆಗೆ ಇನ್ನೂರು ಗಿನಿ ಕೇಳುತ್ತೀರಾ ಅಂತ ಎದುರು ಪಕ್ಷದ ವಕೀಲರು ಕೇಳಿದರು. ಇಲ್ಲ, ಜೀವಮಾನವಿಡೀ ದುಡಿದು ಕಲಿತ ತಿಳಿವಳಿಕೆಗೆ ಕೇಳುತ್ತಿದ್ದೇನೆ ಅಂದ. ಈ ಉತ್ತರವನ್ನು ಎಲ್ಲರೂ ಹೇಳುತ್ತಾರೆ, ಮುಂದೇನಾಯಿತು ಅಂತ ಹೇಳುವುದಿಲ್ಲ. ವಿಸ್ಲರ್ ಕೇಸು ಗೆದ್ದ. ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಖರ್ಚು ತಾನೇ ಹೊತ್ತು, ಮರುವರ್ಷ ದಿವಾಳಿಯಾದ. ಚೆಂದದ ಮಾತಿನಿಂದ ಫೀಸು ಬರುವುದಿಲ್ಲ ಅಂತ ಇದರಿಂದ ತಿಳಿದುಕೊಳ್ಳಬಹುದು. ಕೆಟ್ಟು ನಿಂತ ಯಂತ್ರದ ಮೇಲೆ, ತೊಂದರೆ ಇರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಗೆರೆಗೆ ಒಂದು ಡಾಲರ್, ಎಲ್ಲಿ ಎಳೆಯಬೇಕು ಅಂತ ಗೊತ್ತಿದ್ದದ್ದಕ್ಕೆ ಉಳಿದದ್ದು" ಅಂತ ಬಿಲ್ ಕೊಟ್ಟ ಕಥೆಯೂ ನಿಮಗೆ ಗೊತ್ತಿರುತ್ತದೆ. ಗಿರಾಕಿಗೆ ಮಾತ್ರ ಅದನ್ನು ಹೇಳಬೇಡಿ. ನಮಗೆ ಅದು ಖುಷಿ ಕೊಡುತ್ತದೆ. ಅವರಿಗೆ ಚುಚ್ಚುತ್ತದೆ.

ಅವರ ಕಡೆಯಿಂದ ನೋಡಿದರೆ ಅವರಿಗೊಂದು ನಿಜವಾದ ತೊಡಕಿದೆ. ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1962ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಒಂದು ಮಾಹಿತಿಯ ಬೆಲೆ ಎಷ್ಟು ಅಂತ ಅದು ಗೊತ್ತಾಗುವವರೆಗೆ ಕೊಳ್ಳುವವನಿಗೆ ತಿಳಿಯುವುದಿಲ್ಲ. ಗೊತ್ತಾದ ಮೇಲೆ ಅದು ಅವನ ಕೈಸೇರಿಯೇ ಆಯಿತು, ದುಡ್ಡು ಯಾಕೆ ಕೊಡಬೇಕು? ನಿಮ್ಮ ನೆಂಟರು ಮಾಡುತ್ತಿರುವುದೂ ಅದೇ. ಕೆಟ್ಟ ಬುದ್ಧಿಯಿಂದಲ್ಲ, ಬೇರೆ ದಾರಿ ಕಾಣದೆ. ಇದರ ಮೇಲೆ ಇನ್ನೊಂದು ತೊಂದರೆ ಇದೆ. ಡಾಕ್ಟರ್, ವಕೀಲ, ಎಂಜಿನಿಯರ್ ಕೊಟ್ಟ ಸಲಹೆ ಚೆನ್ನಾಗಿತ್ತಾ ಅಂತ ಆಮೇಲೂ ಗಿರಾಕಿಗೆ ತಿಳಿಯುವುದು ಕಷ್ಟ. ಮನೆ ನಿಂತಿದೆ. ನೀವು ಹೇಳಿದ ಹಾಗೆ ಮಾಡಿದ್ದರಿಂದ ನಿಂತಿದೆಯಾ, ಸುಮ್ನೆ ಬಿಟ್ಟಿದ್ದರೂ ನಿಲ್ಲುತ್ತಿತ್ತಾ? ಯಾರಿಗೆ ಗೊತ್ತು!

ಇದಕ್ಕೆ ನಾನು ಕಂಡ ಉಪಾಯ, ಉತ್ತರವನ್ನು ಬಿಟ್ಟು ಕೆಲಸವನ್ನು ತೋರಿಸುವುದು. ಬಿರುಕಿನ ಬಗ್ಗೆ ನಿಮಗೆ ಏನನ್ನಿಸುತ್ತದೆ ಅಂತ ಹೇಳಬೇಡಿ. ಏನೇನು ನೋಡುತ್ತೀರಿ, ಏನು ಬರೆದು ಕೊಡುತ್ತೀರಿ ಅಂತ ಹೇಳಿ. ಹೀಗೆ: "ಫೋಟೋ ನೋಡಿ ಹೇಳಿದರೆ ತಪ್ಪಾಗಬಹುದು. ನಾನು ಬಂದು ಒಳಗೆ ಹೊರಗೆ ಎರಡೂ ಕಡೆ ನೋಡಿ, ಅಳತೆ ತಗೊಂಡು, ಯಾವುದಕ್ಕೆ ಏನು ಮಾಡಬೇಕು, ಯಾವುದನ್ನು ಹಾಗೇ ಬಿಡಬಹುದು ಅಂತ ಎರಡು ಪುಟ ಬರೆದು ಕೊಡುತ್ತೇನೆ. ಅದಕ್ಕೆ ಇಷ್ಟು ಫೀಸು." ಹೇಳಿ, ಸುಮ್ಮನಾಗಿ. ಇಲ್ಲೇ ಎಲ್ಲರೂ ಎಡವುವುದು. ಒಂದು ಕ್ಷಣ ಆ ಕಡೆಯಿಂದ ಮಾತು ಬರದಿದ್ದರೆ ತಡೆಯಲಾಗದೆ, "ಬೇಕಾದ್ರೆ ಕಡಿಮೆ ಮಾಡೋಣ ಬಿಡಿ" ಅಂದುಬಿಡುತ್ತೇವೆ. ಅನ್ನಬೇಡಿ. ಸಾರಿ ಅಂತಲೂ ಅನ್ನಬೇಡಿ. ಫೀಸಿನ ಮಾತು ಮೊದಲ ಕರೆಯಲ್ಲೇ ಬರಲಿ. ಮನೆಗೆ ಹೋಗಿ, ಎಲ್ಲ ನೋಡಿ, ಕೂತು ಮಾತಾಡಿ ಎದ್ದು ನಿಂತ ಮೇಲೆ ಹೇಳಿದರೆ ಅದು ಅವರಿಗೆ ಮೋಸದ ಹಾಗೇ ಕಾಣುತ್ತದೆ. ನಿಮ್ಮ ಜೊತೆ ಮಾತು ಬಿಟ್ಟವರಿಗೆ ಯಾವ ಹೊತ್ತಿನಲ್ಲಿ ಫೀಸು ಹೇಳಿದಿರಿ ಅಂತ ನೀವು ಬರೆದಿಲ್ಲ. ಕೊನೆಯಲ್ಲಿ ಹೇಳಿದ್ದಿರಿ ಅಂತ ನನ್ನ ಊಹೆ.

ಹಾಗಂತ ಬಾಯಿ ಹೊಲಿದುಕೊಂಡು ಕೂರಬೇಕಿಲ್ಲ. ಗಿರಾಕಿ ಕೊನೆಗೂ ಕೊಳ್ಳುವುದು ನಂಬಿಕೆಯನ್ನು. ನಿಮಗೆ ವಿಷಯ ಗೊತ್ತಿದೆ ಅಂತ ಅವರಿಗೆ ತಿಳಿಯುವುದು ನೀವು ಧಾರಾಳವಾಗಿ ಹಂಚುವ ಸಾಮಾನ್ಯ ತಿಳಿವಳಿಕೆಯಿಂದಲೇ. ರೆಡ್ ಹ್ಯಾಟ್ ಕಂಪನಿಯ ಸಾಫ್ಟ್‌ವೇರಿನ ಮೂಲ ಕೋಡ್ ಎಲ್ಲರಿಗೂ ತೆರೆದೇ ಇತ್ತು. ಅವರು ದುಡ್ಡು ಮಾಡಿದ್ದು ಅದು ಕೆಟ್ಟಾಗ ನಾವಿದ್ದೇವೆ ಅನ್ನುವ ಹೊಣೆಗೆ. 2019ರಲ್ಲಿ ಐಬಿಎಂ ಆ ಕಂಪನಿಯನ್ನು ಸುಮಾರು 34 ಶತಕೋಟಿ ಡಾಲರ್ ಕೊಟ್ಟು ಕೊಂಡಿತು. ನೀವೂ ಬಿರುಕುಗಳ ಬಗ್ಗೆ ಒಂದು ಪುಟ ಚೆನ್ನಾಗಿ ಬರೆದಿಟ್ಟುಕೊಳ್ಳಿ. ಯಾವುದು ಮಾಮೂಲಿ, ಯಾವುದು ಕಂಡರೆ ತಡ ಮಾಡಬಾರದು, ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ, ತಾರೀಕು ಬರೆಯಿರಿ ಅಂತೆಲ್ಲ. ಫೋಟೋ ಬಂದ ತಕ್ಷಣ ಅದನ್ನು ಕಳಿಸಿ, ಕೆಳಗೆ, ಬಂದು ನೋಡಿ ಬರೆದು ಕೊಡಲು ಇಷ್ಟು ಫೀಸು ಅಂತ ಆಗಲೇ ಹೇಳಿದ ಸಾಲುಗಳನ್ನು ಸೇರಿಸಿ. ಅರ್ಧ ಜನಕ್ಕೆ ಅಷ್ಟೇ ಸಾಕಾಗುತ್ತದೆ.

ನೆಂಟರ ವಿಷಯ ಬೇರೆ. ಅಲ್ಲಿ ದುಡ್ಡು ಬಂದರೆ ಸಂಬಂಧದ ಬಣ್ಣವೇ ಬದಲಾಗುತ್ತದೆ, ಅದು ನಿಜ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಇಸ್ರೇಲಿನ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆ ತಾಯಿಗೆ ಸಣ್ಣ ದಂಡ ಹಾಕಿ ನೋಡಿದರು. ತಡ ಮಾಡುವವರು ಕಡಿಮೆ ಆಗಲಿಲ್ಲ, ಜಾಸ್ತಿಯಾದರು. ಮುಂಚೆ ಟೀಚರ್ ಕಾಯುತ್ತಾರಲ್ಲಾ ಅನ್ನುವ ಸಂಕೋಚ ಇತ್ತು. ಈಗ ದುಡ್ಡು ಕೊಟ್ಟರೆ ಆಯಿತಲ್ಲ! ದಂಡ ತೆಗೆದ ಮೇಲೂ ಹಳೇ ಸಂಕೋಚ ವಾಪಸ್ ಬರಲಿಲ್ಲ. ಸ್ವಲ್ಪ ದುಡ್ಡು ಕೊಟ್ಟರೆ, ಏನೂ ಕೊಡದೆ ಸಹಾಯ ಕೇಳಿದ್ದಕ್ಕಿಂತ ಜನ ಕಡಿಮೆ ಶ್ರಮ ಹಾಕುತ್ತಾರೆ ಅಂತ 2004ರ ಇನ್ನೊಂದು ಅಧ್ಯಯನದಲ್ಲಿ ಕಂಡುಬಂತು.

ಇದರಿಂದ ನಾನು ಮಾಡಿಕೊಂಡಿರುವ ನಿಯಮ, ಹತ್ತಿರದವರಿಂದ ಪೂರ್ತಿ ಫೀಸು ಅಥವಾ ಸೊನ್ನೆ. "ಏನೋ ನಿಮಗೆ ತೋಚಿದ್ದು ಕೊಡಿ" ಅನ್ನುವುದು ಬೇಡವೇ ಬೇಡ. ಚೂರು ಕೊಟ್ಟವರಿಗೆ ಹಂಗೂ ಇರುವುದಿಲ್ಲ, ಗಿರಾಕಿಯ ಶಿಸ್ತೂ ಇರುವುದಿಲ್ಲ. ಕೊಟ್ಟಿದ್ದೀವಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ನಿಮಗೂ ಆ ಕೆಲಸದ ಮೇಲೆ ಮನಸ್ಸಿರುವುದಿಲ್ಲ. ಚಿಕ್ಕಮ್ಮನ ಮನೆಗೆ ಪುಕ್ಕಟೆ ಮಾಡಬೇಕು ಅನ್ನಿಸಿದರೆ ಮಾಡಿ. ಆದರೆ ಹೊರಗಿನ ಗಿರಾಕಿಗೆ ಮಾಡುವ ಹಾಗೇ ಹೋಗಿ ನೋಡಿ, ಅಳೆದು, ಎರಡು ಪುಟ ಬರೆದು, ಫೈಲು ಮಾಡಿ. ಬಿಲ್ ಕೂಡ ಮಾಡಿ. ಮಾಮೂಲಿ ಫೀಸು ಎಷ್ಟು ಅಂತ ಬರೆದು, ಕೆಳಗೆ ಪೂರ್ತಿ ರಿಯಾಯಿತಿ ತೋರಿಸಿ, ಸೊನ್ನೆ ಹಾಕಿ ಕಳಿಸಿ. ನಗುತ್ತಾರೆ, ನಗಲಿ. ಅವರು ಇನ್ನೊಬ್ಬರಿಗೆ ನಿಮ್ಮ ನಂಬರ್ ಕೊಡುವಾಗ "ಫೀಸು ತಗೋತಾಳೆ, ನಮಗೆ ಬಿಟ್ಟಳು" ಅನ್ನುತ್ತಾರೆ. ವರ್ಷಕ್ಕೆ ಇಂಥವು ಎಷ್ಟು ಮಾಡಬಹುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಅಮೆರಿಕದ ವಕೀಲರ ಸಂಘ ವಕೀಲರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಉಚಿತ ಸೇವೆಯ ಗುರಿ ಇಟ್ಟಿದೆ, ಅದೂ ಮುಖ್ಯವಾಗಿ ಕೊಡಲು ಶಕ್ತಿ ಇಲ್ಲದವರಿಗೆ. ನಿಮ್ಮ ಉಚಿತ ಗಂಟೆಗಳು ಈಗ ಯಾರಿಗೆ ಹೋಗುತ್ತಿವೆ? ಕೇಳುವ ಧೈರ್ಯ ಜಾಸ್ತಿ ಇರುವವರಿಗೆ, ಅಲ್ವಾ?

ಹಳೇ ಗಿರಾಕಿ ನೀವೇ ಮಾಡಿದ ಕೆಲಸದ ಬಗ್ಗೆ ಕೇಳಿದರೆ ದುಡ್ಡಿನ ಮಾತು ಬೇಡ, ಅದು ಆ ಫೀಸಿನಲ್ಲೇ ಬಂತು. ಮೇಲೊಂದು ಮಹಡಿ ಎಬ್ಬಿಸಲಾ ಅಂದರೆ ಅದು ಹೊಸ ಕೆಲಸ. ಓದುತ್ತಿರುವ ಹುಡುಗರು, ಹೊಸದಾಗಿ ವೃತ್ತಿಗೆ ಬಂದವರು ಕೇಳಿದರೆ ಕೂರಿಸಿಕೊಂಡು ಹೇಳಿಕೊಡಿ. ಕಂಟ್ರಾಕ್ಟರ್ ಫೋನ್ ಮಾಡಿ "ಮೇಡಂ, ಇಂತಿಷ್ಟು ಅಡಿಗೆ ಸ್ಲ್ಯಾಬ್ ದಪ್ಪ ಎಷ್ಟು ಇಡಲಿ?" ಅಂದರೆ ಒಂದೇ ಉತ್ತರ: ಡ್ರಾಯಿಂಗ್ ಇಲ್ಲದೆ ಹೇಳುವುದಿಲ್ಲ. ಫೀಸು ಕೊಡುತ್ತೇನೆ ಅಂದರೂ ಫೋನಿನಲ್ಲಿ ಹೇಳಬೇಡಿ.

ಕೊನೆಗೆ "ಮೊದಲ ಭೇಟಿ ಉಚಿತ". ಹಾಕಬೇಡಿ. ಗಿರಾಕಿಗಳು ಬರುತ್ತಾರೆ ಅನ್ನುವುದು ಸರಿ. ಆದರೆ ಆ ಭೇಟಿಯಲ್ಲಿ ನೀವು ಏನು ಹೇಳಿದರೆ ನಿಮಗೆ ದುಡ್ಡು ಸಿಗುತ್ತದೆ ಅಂತ ಯೋಚನೆ ಮಾಡಿ. ದುರಸ್ತಿ ಬೇಕು ಅಂದರೆ ಡ್ರಾಯಿಂಗ್, ಮೇಲ್ವಿಚಾರಣೆ ಎಲ್ಲ ನಿಮಗೆ. ಏನೂ ಬೇಡ ಅಂದರೆ ಪೆಟ್ರೋಲ್ ಖರ್ಚು ನಿಮ್ಮ ತಲೆಗೆ. ಉಚಿತವಾಗಿ ಬಂದು ಸೋರಿಕೆ ಪರೀಕ್ಷೆ ಮಾಡುವ ವಾಟರ್‌ಪ್ರೂಫಿಂಗ್ ಕಂಪನಿಯವರಿಗೆ ಸೋರಿಕೆ ಕಾಣದೇ ಇರುವ ತಾರಸಿ ಎಲ್ಲಿದೆ ಹೇಳಿ? ನೀವು ಎಷ್ಟೇ ಪ್ರಾಮಾಣಿಕರಾಗಿರಿ, ಗಿರಾಕಿಗೆ ಆ ಅನುಮಾನ ಇದ್ದೇ ಇರುತ್ತದೆ. ತಿಂಗಳ ಕೊನೆಯಲ್ಲಿ ಬಾಡಿಗೆ ಕಟ್ಟಬೇಕಾದಾಗ ನಿಮಗೂ ಬರುತ್ತದೆ. ಭೇಟಿಗೆ ಫೀಸು ಇದ್ದರೆ ಯಾವ ಉತ್ತರ ಕೊಟ್ಟರೂ ನಿಮಗೆ ಸಿಗುವುದು ಅಷ್ಟೇ.

ಆಮೇಲೆ ದೊಡ್ಡ ಕೆಲಸ ನನಗೇ ಬಂದರೆ ಆ ಭೇಟಿಯ ಫೀಸನ್ನು ಬಿಲ್ಲಿನಲ್ಲಿ ಕಳೆಯುತ್ತೇನೆ ಅಂತ ಕೆಲವರು ಹೇಳುತ್ತಾರೆ. ಅದರಲ್ಲೂ ಕೆಲಸ ಸಿಗಲಿ ಅನ್ನುವ ಆಸೆ ಸ್ವಲ್ಪ ನುಸುಳುತ್ತದೆ. ನಾನು ಕಳೆಯುವುದಿಲ್ಲ. ನಿಮ್ಮದು ಹೊಸ ಆಫೀಸು, ಒಂದೆರಡು ವರ್ಷ ಹಾಗೆ ಫೀಸು ಕಳೆದುಕೊಟ್ಟರೆ ತಪ್ಪಿಲ್ಲ. ಆದರೆ "ಸದ್ಯಕ್ಕೆ ಯಾವ ದುರಸ್ತಿಯೂ ಬೇಕಿಲ್ಲ, ಆರು ತಿಂಗಳು ಬಿಟ್ಟು ಅಗಲ ಅಳೆದು ತಿಳಿಸಿ" ಅಂತ ಬರೆದುಕೊಟ್ಟ ಮನೆಗೂ ಅದೇ ಫೀಸಿನ ಬಿಲ್ ಹೋಗಲಿ. ಆ ವರದಿ ಬರೆಯಲು ನೀವು ಎರಡೂ ಬದಿಯ ಗೋಡೆ ಬಡಿದು ನೋಡಿರುತ್ತೀರಿ.